ರಾಮದುರ್ಗ ಸಂಸ್ಥಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಮಲಪ್ರಭೆಯ ದಂಡೆಗೆ ಇರುವ ಊರು ರಾಮದುರ್ಗ. 1948ರವರೆಗೆ ಅದು ಬೆಳಗಾವಿ ಜಿಲ್ಲೆಗೆ ಸೇರಿರಲಿಲ್ಲ, ತನ್ನದೇ ಅರಸನ ಸಂಸ್ಥಾನವಾಗಿತ್ತು ಎಂದು ಹೇಳಿದರೆ ಜಿಲ್ಲೆಯವರೇ ಎಷ್ಟೋ ಜನ ಹುಬ್ಬೇರಿಸುತ್ತಾರೆ. ನರಗುಂದದ ಬಾಬಾಸಾಹೇಬ ಎಲ್ಲರಿಗೂ ಗೊತ್ತು, ಕಿತ್ತೂರು ಚೆನ್ನಮ್ಮ ಹೇಗೂ ಗೊತ್ತು. ಇವೆರಡರ ನಡುವೆ ರಾಮದುರ್ಗದ ಹೆಸರು ಪಾಠದ ಪುಸ್ತಕದಲ್ಲಿ ಒಂದು ಸಾಲಿಗಿಂತ ಮುಂದೆ ಹೋಗುವುದಿಲ್ಲ. ಊರಿನ ಹಿರಿಯರ ಕಟ್ಟೆಯ ಮೇಲೆ, ಹಳೆಯ ಕಾಗದ ಹಿಡಿದು ಬಂದವರ ಬಾಯಲ್ಲಿ, ಓದುವ ಹುಡುಗರ ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರ ಬರೆದಿದ್ದೇನೆ.

ರಾಮದುರ್ಗ ಸಂಸ್ಥಾನ ಎಷ್ಟು ದೊಡ್ಡದಿತ್ತು?

ಬಹಳ ಸಣ್ಣದು. 169 ಚದರ ಮೈಲು, ಅಂದರೆ ಸುಮಾರು 438 ಚದರ ಕಿಲೋಮೀಟರು. ಈಗಿನ ರಾಮದುರ್ಗ ತಾಲೂಕಿನ ಅರ್ಧದಷ್ಟೂ ಆಗುವುದಿಲ್ಲ. 1901ರ ಜನಗಣತಿಯಲ್ಲಿ ಅಲ್ಲಿದ್ದ ಜನಸಂಖ್ಯೆ 37,848. ಪಕ್ಕದ ಜಮಖಂಡಿ ಸಂಸ್ಥಾನ 524 ಚದರ ಮೈಲು ಇತ್ತು, ಮುಧೋಳ 368. ಆ ಲೆಕ್ಕದಲ್ಲಿ ರಾಮದುರ್ಗ ನೆರೆಹೊರೆಯಲ್ಲೂ ತಮ್ಮನೇ.

ಸಣ್ಣದಾದರೂ ಅದಕ್ಕೆ ತನ್ನದೇ ರಾಜ, ತನ್ನದೇ ಕಚೇರಿ, ತನ್ನದೇ ಪೊಲೀಸರು, ತನ್ನದೇ ಕಂದಾಯ ಇದ್ದವು. ಊರ ಗೌಡ, ಕುಲಕರ್ಣಿ, ವಾಲಿಕಾರ ಎಂಬ ಏಣಿ ಎಲ್ಲ ಕಡೆ ಇದ್ದ ಹಾಗೆ ಇಲ್ಲಿಯೂ ಇತ್ತು. ಆ ಏಣಿಯ ತುದಿ ಮಾತ್ರ ಮುಂಬಯಿಯ ಗವರ್ನರ್ ಹತ್ತಿರ ಹೋಗದೆ ಊರೊಳಗಿನ ಅರಮನೆಗೇ ಬಂದು ನಿಲ್ಲುತ್ತಿತ್ತು.

ಆಳಿದವರು ಯಾರು?

ಭಾವೆ ಮನೆತನದವರು. ಕೊಂಕಣಸ್ಥ ಬ್ರಾಹ್ಮಣರು. ಪೇಶ್ವೆಯವರ ಕೃಪೆಯಿಂದ ನರಗುಂದ ಮತ್ತು ರಾಮದುರ್ಗ ಎರಡೂ ಕೋಟೆಗಳು ಈ ಮನೆತನದ ಕೈಗೆ ಬಂದವು. ಮನೆದೇವರು ವೆಂಕಟೇಶ. ನರಗುಂದ ಗುಡ್ಡದ ಬುಡದ ವೆಂಕಟೇಶ್ವರ ಗುಡಿ ಈ ಮನೆತನದವರೇ ಕಟ್ಟಿಸಿದ್ದು. ವೆಂಕಟರಾವ್, ರಾಮರಾವ್ ಎಂಬ ಎರಡೇ ಹೆಸರು ತಲೆಮಾರಿನಿಂದ ತಲೆಮಾರಿಗೆ ಬರುತ್ತಿರುವುದರಿಂದ ವಂಶಾವಳಿ ಓದುವವರಿಗೆ ಗೊಂದಲ ಆಗುತ್ತದೆ. ಯಾವ ವೆಂಕಟರಾವ್ ಎಂದು ಇಸವಿ ನೋಡಿಯೇ ಗುರುತಿಸಬೇಕು.

19ನೆಯ ಶತಮಾನದ ಮೊದಲ ಭಾಗದಲ್ಲಿ ರಾಧಾಬಾಯಿ ಎಂಬ ರಾಣಿ ಬಹುಕಾಲ ರಾಮದುರ್ಗದ ಆಡಳಿತ ನಡೆಸಿದಳು. ಚೆನ್ನಮ್ಮನ ಹಾಗೆ ಯುದ್ಧ ಮಾಡಿದವಳಲ್ಲವಾದ್ದರಿಂದ ಅವಳ ಹೆಸರು ಯಾರ ನಾಲಿಗೆಯ ಮೇಲೂ ಇಲ್ಲ. ಗಂಡಸರ ಜಗಳದ ನಡುವೆ ಒಂದು ಸಣ್ಣ ನಾಡನ್ನು ಒಡೆಯದೆ ಉಳಿಸಿಕೊಂಡು ಬರುವುದು ಸಣ್ಣ ಕೆಲಸವಲ್ಲ.

ನರಗುಂದ ಮತ್ತು ರಾಮದುರ್ಗ ಮೊದಲು ಒಂದೇ ಇದ್ದವೇ?

ಹೌದು. ಈ ಒಂದು ವಿಷಯ ತಿಳಿದರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎರಡೂ ಕೋಟೆಗಳು ಒಂದೇ ಮನೆತನದ ಕೈಯಲ್ಲಿದ್ದವು. 1778ರ ಹೊತ್ತಿಗೆ ಈ ಭಾಗ ಹೈದರಾಲಿಯ ಹಿಡಿತಕ್ಕೆ ಬಂತು. ನರಗುಂದದ ವೆಂಕಟರಾವ್ ಹೈದರನಿಗೆ ಕಪ್ಪ ಕೊಡಲು ಒಪ್ಪಿದ್ದ. ಆಮೇಲೆ ಬಂದ ಟಿಪ್ಪು 1784ರಲ್ಲಿ ಕೇಳಿದ ಹೆಚ್ಚಿನ ಮೊತ್ತಕ್ಕೆ ಒಪ್ಪಲಿಲ್ಲ. ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ಪುಣೆಯಿಂದ ಬಂದ ನೆರವು ಉಪಯೋಗಕ್ಕೆ ಬರಲಿಲ್ಲ. ತಿಂಗಳುಗಟ್ಟಲೆ ತಡೆದುಕೊಂಡ ಕೋಟೆ 1785ರಲ್ಲಿ ಶರಣಾಯಿತು. ಶರಣಾಗತಿಯ ಷರತ್ತು ಮುರಿದು ವೆಂಕಟರಾವ್‌ನನ್ನೂ ಮನೆಯವರನ್ನೂ ದಿವಾನ ಕಾಳೋಪಂತ ಪೇಠೆಯನ್ನೂ ಸೆರೆ ಒಯ್ದು ಕಬ್ಬಾಳದುರ್ಗದಲ್ಲಿ ಇಟ್ಟರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವೆಂಕಟರಾವ್ ಬಿಡುಗಡೆಯಾಗಿ ಬಂದ. ಆಗ ಪೇಶ್ವೆ ಮಾಡಿದ ಹಂಚಿಕೆಯಲ್ಲಿ ಎರಡು ಮನೆಗಳು ಹುಟ್ಟಿದವು. ವೆಂಕಟರಾವ್‌ಗೆ ನರಗುಂದ ಮತ್ತು ವರ್ಷಕ್ಕೆ 1,24,000 ರೂಪಾಯಿ ಹುಟ್ಟುವಳಿಯ ಭೂಮಿ, ಅದೇ ಮನೆತನದ ರಾಮರಾವ್‌ಗೆ ರಾಮದುರ್ಗದ ಕೋಟೆ ಮತ್ತು 26,000 ರೂಪಾಯಿ ಹುಟ್ಟುವಳಿಯ ಭೂಮಿ. ಈ ತಾರತಮ್ಯ ಹತ್ತು ಹನ್ನೊಂದು ವರ್ಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. 1810ರಲ್ಲಿ ಪೇಶ್ವೆ ಮತ್ತೆ ಹಂಚಿಕೆ ಮಾಡಿ ವೆಂಕಟರಾವ್ ಮತ್ತು ರಾಮರಾವ್‌ನ ಮಗ ನಾರಾಯಣರಾವ್ ಇಬ್ಬರಿಗೂ ಸಮಪಾಲು ಕೊಟ್ಟ.

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಾಗ ಬದು ಬಿದ್ದ ಹಾಗೆ ಇದು. ಆ ಬದು ಇವತ್ತು ಎರಡು ಜಿಲ್ಲೆಗಳ ಗಡಿಯಾಗಿ ನಿಂತಿದೆ.

ಬ್ರಿಟಿಷರು ಪೇಶ್ವಾಯಿ ಮುಗಿಸಿದಾಗ ಈ ಸಂಸ್ಥಾನವನ್ನು ಯಾಕೆ ನುಂಗಲಿಲ್ಲ?

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನಡುವೆ ಪೇಶ್ವೆಗೆ ಸೈನ್ಯ ಒದಗಿಸುವ ಕರಾರಿನ ಮೇಲೆ ಜಹಗೀರು ಉಣ್ಣುತ್ತಿದ್ದ ಸರದಾರರು ಬಹಳ ಜನ ಇದ್ದರು. ಎಲ್ಲರನ್ನೂ ಒಮ್ಮೆಗೇ ಎದುರು ಹಾಕಿಕೊಂಡರೆ ನಾಡು ಹತೋಟಿಗೆ ಬರುವುದಿಲ್ಲ ಎಂದು ಬ್ರಿಟಿಷರು ಒಬ್ಬೊಬ್ಬರ ಜೊತೆ ಬೇರೆ ಬೇರೆ ಕರಾರು ಮಾಡಿಕೊಂಡರು. ಹಾಗೆ ಉಳಿದವೇ ಸಾಂಗ್ಲಿ, ಎರಡು ಮೀರಜ್, ಎರಡು ಕುರುಂದವಾಡ, ಜಮಖಂಡಿ, ಮುಧೋಳ ಮತ್ತು ರಾಮದುರ್ಗ. ದಕ್ಷಿಣ ಮರಾಠಾ ಜಹಗೀರುಗಳು ಎಂದು ಸರಕಾರಿ ಕಾಗದಗಳಲ್ಲಿ ಬರುವುದು ಈ ಎಂಟಕ್ಕೇ. ನರಗುಂದವೂ ಮೊದಲು ಇದೇ ಪಂಗಡದಲ್ಲಿತ್ತು.

1858ರಲ್ಲಿ ಏನಾಯಿತು? ನರಗುಂದ ಹೋಗಿ ರಾಮದುರ್ಗ ಉಳಿದದ್ದು ಹೇಗೆ?

ನರಗುಂದದ ಭಾಸ್ಕರರಾವ್, ನಾವೆಲ್ಲ ಬಾಬಾಸಾಹೇಬ ಎಂದು ಕರೆಯುವ ಅರಸ, ಓದಿದ ಮನುಷ್ಯ. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರ ಅವನ ಅರಮನೆಯಲ್ಲಿತ್ತು ಎಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. ಅವನಿಗೆ ಗಂಡು ಸಂತಾನ ಉಳಿಯಲಿಲ್ಲ. ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಸರಕಾರ ಕೊಡಲಿಲ್ಲ. ಅಂದರೆ ಅವನ ಉಸಿರು ನಿಂತ ದಿನ ನರಗುಂದ ಕಂಪನಿಯದು. ಅದರ ಮೇಲೆ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಆಯುಧ ತಂದು ಒಪ್ಪಿಸಿರಿ ಎಂಬ ಆ ಹುಕುಮಿಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲೇ ಎದುರು ನಿಂತು ಊರು ಸುಡಿಸಿಕೊಂಡಿದ್ದರು. ಅವರ ಲಾವಣಿ ಇವತ್ತಿಗೂ ನಮ್ಮ ಕಡೆ ಹಾಡುತ್ತಾರೆ.

1858ರ ಮೇ ಕೊನೆಗೆ ಪೊಲಿಟಿಕಲ್ ಏಜೆಂಟ್, ಅಂದರೆ ಸಂಸ್ಥಾನಗಳ ಮೇಲೆ ಕಣ್ಣಿಡುವ ಬ್ರಿಟಿಷ್ ಅಧಿಕಾರಿ, ಆಗಿದ್ದ ಚಾರ್ಲ್ಸ್ ಮ್ಯಾನ್ಸನ್ ಈ ಭಾಗಕ್ಕೆ ಬಂದ. ಮೊದಲು ಇಳಿದದ್ದು ರಾಮದುರ್ಗದಲ್ಲಿ. ರಾಮದುರ್ಗದ ಅರಸ ಬಾಬಾಸಾಹೇಬನಿಗೆ ಮಲಸಹೋದರ. ಅಣ್ಣ ಬರೆದ ಪತ್ರವನ್ನು ಅವನು ಮ್ಯಾನ್ಸನ್ನನಿಗೆ ತೋರಿಸಿದ, ನರಗುಂದದ ದಾರಿ ಹಿಡಿಯಬೇಡ ಎಂದೂ ಹೇಳಿದ. ಮ್ಯಾನ್ಸನ್ ಪಲ್ಲಕ್ಕಿಯಲ್ಲಿ, ಬೆರಳೆಣಿಕೆಯ ಕಾವಲಿನವರ ಜೊತೆ ಹೊರಟು ಸುರೇಬಾನದಲ್ಲಿ ರಾತ್ರಿ ತಂಗಿದ. ಬಿಸಿಲಿನ ದಿನ ಪ್ರಯಾಣ ಮಾಡಿ ದಣಿದಿದ್ದವರು. ಮೇ 29ರ ಆ ರಾತ್ರಿ ಬಾಬಾಸಾಹೇಬನ ದಂಡು ಬಂದು ಅವನನ್ನು ಕೊಂದಿತು. ಅವನ ರುಂಡ ನರಗುಂದದ ಅಗಸೆಗೆ ತೂಗಿತು.

ಎರಡು ದಿನಗಳಲ್ಲಿ ಬ್ರಿಟಿಷ್ ಸೈನ್ಯ ನರಗುಂದದ ಮುಂದೆ ನಿಂತಿತು. ಕೋಟೆ ಬಿತ್ತು. ತಪ್ಪಿಸಿಕೊಂಡು ಹೋದ ಬಾಬಾಸಾಹೇಬನನ್ನು ಫ್ರಾಂಕ್ ಸೌಟರ್ ಎಂಬ ಅಧಿಕಾರಿ ಹಿಡಿದ. ಬೆಳಗಾವಿಯಲ್ಲಿ ವಿಚಾರಣೆ ನಡೆಸಿ ಜೂನ್ 12ರಂದು ಗಲ್ಲಿಗೇರಿಸಿದರು. ಮ್ಯಾನ್ಸನ್ ಸತ್ತು ಹದಿನಾಲ್ಕೇ ದಿನ ಆಗಿತ್ತು. ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂದು ಜನ ಹೇಳುತ್ತಾರೆ.

ನರಗುಂದವನ್ನು ಸರಕಾರ ಜಪ್ತಿ ಮಾಡಿ ಧಾರವಾಡ ಜಿಲ್ಲೆಗೆ ಸೇರಿಸಿತು. ರಾಮದುರ್ಗಕ್ಕೆ ಕೈ ಹಚ್ಚಲಿಲ್ಲ.

ಹಾಗಾದರೆ ರಾಮದುರ್ಗದವರು ದ್ರೋಹ ಮಾಡಿದರು ಎನ್ನಬೇಕೇ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತದೆ, ಅದೂ ಬಹಳ ಸಿಟ್ಟಿನಿಂದ. ಅಣ್ಣನ ಪತ್ರವನ್ನು ಶತ್ರುವಿಗೆ ತೋರಿಸಿದ್ದು ನಿಜ, ಅದನ್ನು ಮುಚ್ಚಿಡುವಂತಿಲ್ಲ. ನನಗೂ ಆ ಸಾಲು ಓದುವಾಗ ಸಂಕಟವಾಗುತ್ತದೆ. ಆದರೆ ಆ ಒಂದು ಸಾಲಿಗೆ ಇಡೀ ರಾಮದುರ್ಗದ ಜನರನ್ನು ಕಟ್ಟಿಹಾಕುವುದು ಅನ್ಯಾಯ. ಅರಸರ ಪತ್ರ ಯಾರಿಗೆ ಹೋಯಿತು, ಯಾರು ಓದಿದರು ಎಂಬುದು ಊರ ನೇಕಾರನಿಗೆ, ರೈತನಿಗೆ ಗೊತ್ತಿರುವ ಮಾತಲ್ಲ. ಅದೇ ಜನ ಮುಂದೆ 1939ರಲ್ಲಿ ಏನು ಮಾಡಿದರು ಎಂಬುದನ್ನು ಕೆಳಗೆ ಓದಿರಿ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಯಾವ ದತ್ತಕದ ಹಕ್ಕನ್ನು ನಿರಾಕರಿಸಿ ಬಾಬಾಸಾಹೇಬನನ್ನು ಬಂಡಾಯಕ್ಕೆ ನೂಕಿದರೋ, ಅದೇ ಹಕ್ಕನ್ನು ಬಂಡಾಯ ತಣ್ಣಗಾದ ಮೇಲೆ ಬ್ರಿಟಿಷರು ಸಂಸ್ಥಾನಿಕರಿಗೆ ಸನದು ಬರೆದು ಕೊಟ್ಟರು. ರಾಮದುರ್ಗಕ್ಕೂ ಅಂಥ ಸನದು ಸಿಕ್ಕಿತು. ನಾಲ್ಕಾರು ವರ್ಷ ಮೊದಲು ನರಗುಂದಕ್ಕೆ ಅದು ಸಿಕ್ಕಿದ್ದರೆ ಎಂದು ಯೋಚಿಸದೆ ಇರುವುದು ಕಷ್ಟ. ದೋಷ ಹೊರಿಸುವುದಾದರೆ ಮೊದಲು ಆ ಧೋರಣೆಯ ಮೇಲೆ ಹೊರಿಸಬೇಕು.

ಸಂಸ್ಥಾನದ ಮೇಲೆ ಬ್ರಿಟಿಷರ ಹಿಡಿತ ಯಾವ ರೀತಿಯದು?

ಅರಸ ಊರೊಳಗೆ ಅರಸ, ಊರ ಹೊರಗೆ ಮೊದಲ ದರ್ಜೆಯ ಸರದಾರ. ತೋಪಿನ ಸಲಾಮಿಯ ಗೌರವ ರಾಮದುರ್ಗಕ್ಕಿರಲಿಲ್ಲ. ಸಾಂಗ್ಲಿಗೆ ಮತ್ತು ಮುಧೋಳಕ್ಕೆ ಒಂಬತ್ತು ತೋಪು ಹಾರುತ್ತಿದ್ದವು. ಮುಂಬಯಿ ಸರಕಾರದ ಪೊಲಿಟಿಕಲ್ ಏಜೆಂಟ್ ಸಂಸ್ಥಾನದ ಮೇಲೆ ಕಣ್ಣಿಟ್ಟಿರುತ್ತಿದ್ದ. ಅರಸ ತೀರಿಕೊಂಡು ವಾರಸುದಾರ ಇನ್ನೂ ಎಳೆಯವನಾಗಿದ್ದರೆ ಆಡಳಿತವನ್ನೇ ಏಜೆಂಟನ ಕಡೆಯವರು ವಹಿಸಿಕೊಳ್ಳುವುದು ಆ ಕಾಲದ ಸಂಸ್ಥಾನಗಳಲ್ಲಿ ನಡೆದುಬಂದ ರೂಢಿ. 1933ರಲ್ಲಿ ಈ ಸಂಸ್ಥಾನಗಳನ್ನು ಮುಂಬಯಿ ಸರಕಾರದ ಕೈಯಿಂದ ತೆಗೆದು ಕೋಲ್ಹಾಪುರದ ರೆಸಿಡೆಂಟನ ಮೂಲಕ ನೇರವಾಗಿ ಭಾರತ ಸರಕಾರದ ಕೆಳಗೆ ತಂದರು. ಕೊನೆಯ ಅರಸ ರಾಮರಾವ್ ವೆಂಕಟರಾವ್ 1907ರಲ್ಲಿ ಗಾದಿಗೆ ಬಂದವನು, ವಿಲೀನದವರೆಗೂ ಅವನದೇ ಆಳ್ವಿಕೆ.

ಹಿರಿಯರು "ಖಾಲ್ಸಾ" ಎನ್ನುತ್ತಾರಲ್ಲ, ಅದೇನು?

ನೇರ ಬ್ರಿಟಿಷರ ಕೈಯಲ್ಲಿದ್ದ ಊರು ಖಾಲ್ಸಾ. ಅರಸನ ಕೈಯಲ್ಲಿದ್ದದ್ದು ಸಂಸ್ಥಾನ. "ಅವರು ಖಾಲ್ಸಾದಾಗಿನವರು, ನಾವು ಸಂಸ್ಥಾನದವರು" ಎಂದು ಬೀಗರ ನಡುವೆಯೇ ಮಾತು ನಡೆಯುತ್ತಿತ್ತು. ಹೆಣ್ಣು ಕೊಟ್ಟ ಊರು ಒಂದು ರಾಜ್ಯ, ತಂದ ಊರು ಇನ್ನೊಂದು ರಾಜ್ಯ. ಹಳ್ಳದ ಈ ದಂಡೆಯ ಹೊಲದ ಕಂದಾಯ ಒಂದು ಕಚೇರಿಗೆ, ಆ ದಂಡೆಯದು ಬೇರೆ ಕಚೇರಿಗೆ. ಜಾತ್ರೆ ಸಂತೆಗೆ ಮಾತ್ರ ಈ ಭೇದ ಇರಲಿಲ್ಲ. ಗೊಡಚಿಯ ವೀರಭದ್ರನ ಜಾತ್ರೆಗೆ ಎಲ್ಲ ಕಡೆಯ ಬಂಡಿಗಳೂ ಬರುತ್ತಿದ್ದವು.

ಆಡಳಿತ ಕನ್ನಡದಲ್ಲಿತ್ತೋ ಮರಾಠಿಯಲ್ಲೋ?

ಜನ ಕನ್ನಡದವರು, ಅರಸರ ಮನೆಮಾತು ಮರಾಠಿ. ಪೇಶ್ವಾಯಿಯಿಂದ ಬಂದ ದಫ್ತರದ ಪದ್ಧತಿಯೂ ಮರಾಠಿಯದೇ. ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿರುವುದು ಅದಕ್ಕೇ. ಇದನ್ನು ಈಗಿನ ಗಡಿ ಜಗಳದ ಕಣ್ಣಿನಿಂದ ನೋಡಿದರೆ ತಪ್ಪು ಅರ್ಥ ಬರುತ್ತದೆ. ಬಾಬಾಸಾಹೇಬನ ಮೇಲಿನ ಲಾವಣಿಗಳು ಕನ್ನಡದಲ್ಲಿ ಹುಟ್ಟಿದವು. ನಮ್ಮ ಜನರಿಗೆ ಅವನು ಪರಭಾಷೆಯ ಅರಸನಾಗಿ ಕಾಣಲಿಲ್ಲ.

ಕಟಕೋಳ, ತೊರಗಲ್ ರಾಮದುರ್ಗ ಸಂಸ್ಥಾನದ ಊರುಗಳಲ್ಲವೇ?

ಅಲ್ಲ. ಈಗ ಎರಡೂ ರಾಮದುರ್ಗ ತಾಲೂಕಿನಲ್ಲಿರುವುದರಿಂದ ಹಾಗೆ ತಿಳಿಯುವುದು ಸಹಜ.

ಕಟಕೋಳ ಕೋಲ್ಹಾಪುರ ಸಂಸ್ಥಾನದ ಒಂದು ಮಹಾಲು, ಅಂದರೆ ಸಣ್ಣ ಆಡಳಿತ ಭಾಗ. ಕೋಲ್ಹಾಪುರದಿಂದ ಅಷ್ಟು ದೂರದಲ್ಲಿ, ನಡುವೆ ಖಾಲ್ಸಾದ ಊರುಗಳನ್ನು ದಾಟಿಕೊಂಡು ಬಂದರೆ ಸಿಗುವ ತುಂಡು. ರಾಯಬಾಗವೂ ಹೀಗೆಯೇ ಕೋಲ್ಹಾಪುರದ ಮಹಾಲಾಗಿತ್ತು. ತೊರಗಲ್ ಇನ್ನೂ ಒಂದು ಸುತ್ತು ಒಳಗಿನದು. ಅದು ಕೋಲ್ಹಾಪುರದ ಛತ್ರಪತಿಗಳ ಕೆಳಗಿನ ಜಹಗೀರು. ಸೇನಾಖಾಸಖೇಲ ಎಂಬ ಬಿರುದಿನ ಶಿಂದೆ ಮನೆತನದವರು ಅಲ್ಲಿ ಜಹಗೀರುದಾರರು. ಅಂದರೆ ತೊರಗಲ್ಲಿನ ರೈತನ ಮೇಲೆ ಶಿಂದೆ, ಶಿಂದೆಯ ಮೇಲೆ ಕೋಲ್ಹಾಪುರದ ಮಹಾರಾಜ, ಮಹಾರಾಜನ ಮೇಲೆ ಬ್ರಿಟಿಷ್ ಸರಕಾರ. ಅದೇ ರೈತನ ಪಕ್ಕದ ಊರಿನ ಬೀಗನ ಮೇಲೆ ರಾಮದುರ್ಗದ ಅರಸ. ಇನ್ನೊಂದು ದಿಕ್ಕಿನ ಬೀಗನ ಮೇಲೆ ಬೆಳಗಾವಿಯ ಕಲೆಕ್ಟರ್.

ಒಂದೇ ತಾಲೂಕಿನಲ್ಲಿ ಹೀಗೆ ಮೂರು ಸರಕಾರಗಳ ನೆಲ ಬೆರೆತಿದೆ. ನಿಮ್ಮ ಊರು ಯಾವುದಕ್ಕೆ ಸೇರಿತ್ತು ಎಂದು ತಿಳಿಯದೆ ಹಳೆಯ ಕಾಗದ ಹುಡುಕಲು ಹೊರಟರೆ ತಪ್ಪು ಬಾಗಿಲು ತಟ್ಟುತ್ತೀರಿ.

ನಮ್ಮ ಭಾಗದಲ್ಲಿ ಬೇರೆ ಕಡೆಯೂ ಹೀಗೆ ತುಂಡು ತುಂಡಾದ ನೆಲ ಇತ್ತೇ?

ಬೇಕಾದಷ್ಟು. ಬೆಳಗಾವಿ ನಗರದ ಶಹಾಪುರ ಸಾಂಗ್ಲಿ ಸಂಸ್ಥಾನದ್ದು, ದಂಡಿನ ಊರಿಗೆ ಅಂಟಿಕೊಂಡೇ ಇದ್ದ ಪರರಾಜ್ಯದ ಪೇಟೆ. ಅಲ್ಲಿನ ಚಿಂತಾಮಣರಾವ್ ಹೈಸ್ಕೂಲಿನ ಹೆಸರು ಸಾಂಗ್ಲಿಯ ಪಟವರ್ಧನ ಅರಸರ ನೆನಪು. ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ ಕೂಡ ಸಾಂಗ್ಲಿಯವೇ. ಹುಬ್ಬಳ್ಳಿಯ ಆಚೆಗಿನ ಕುಂದಗೋಳ ಜಮಖಂಡಿಗೆ ಸೇರಿತ್ತು. ಜಮಖಂಡಿಯ ಅರಸ ತನ್ನದೇ ತಾಲೂಕಿಗೆ ಹೋಗಬೇಕಾದರೆ ಎರಡು ಬ್ರಿಟಿಷ್ ಜಿಲ್ಲೆ ದಾಟಬೇಕಿತ್ತು.

1939ರ ರಾಮದುರ್ಗ ದುರಂತ ಏನು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1938ರಲ್ಲಿ ವಿದುರಾಶ್ವತ್ಥದಲ್ಲಿ ನಡೆದ ಗೋಲೀಬಾರು ಗೊತ್ತಿರುವವರಿಗೂ ಇದು ಗೊತ್ತಿರುವುದಿಲ್ಲ.

1930ರ ದಶಕದ ಕೊನೆಗೆ ಸಂಸ್ಥಾನಗಳಲ್ಲೆಲ್ಲ ಪ್ರಜಾ ಚಳವಳಿಯ ಗಾಳಿ ಎದ್ದಿತ್ತು. ಖಾಲ್ಸಾದ ಜನ 1937ರ ಚುನಾವಣೆಯಲ್ಲಿ ತಮ್ಮ ಮಂತ್ರಿಗಳನ್ನು ಆರಿಸಿ ಕಳಿಸಿದ್ದರು. ಸಂಸ್ಥಾನದ ಪ್ರಜೆಗೆ ಅಂಥ ದಾರಿಯೇ ಇರಲಿಲ್ಲ. ಹಳ್ಳದ ಆಚೆಯ ಊರಿನಲ್ಲಿ ಕಾಂಗ್ರೆಸ್ ಸರಕಾರ, ಈಚೆ ಅರಸನ ಮಾತೇ ಕಾನೂನು. ಮಳೆ ಕೈಕೊಟ್ಟು ಬೆಳೆ ಹೋದಾಗಲೂ ಕಂದಾಯ ಮತ್ತು ಇತರ ಕರಗಳ ಹೊರೆ ಇಳಿಯಲಿಲ್ಲ. ಅದನ್ನು ಇಳಿಸಿರಿ, ಜನರಿಗೆ ಆಡಳಿತದಲ್ಲಿ ಪಾಲು ಕೊಡಿರಿ ಎಂದು ಬಿ. ಎನ್. ಮುನವಳ್ಳಿ ಮುಂತಾದವರ ಮುಂದಾಳುತನದಲ್ಲಿ ಪ್ರಜಾಸಂಘ ಕೇಳಿತು. ಮಹಾದೇವಪ್ಪ ಪಟ್ಟಣ ಆ ಚಳವಳಿಯ ಇನ್ನೊಂದು ದೊಡ್ಡ ಹೆಸರು.

ಮಾತುಕತೆ ನಡೆಯಿತು, ಒಪ್ಪಂದದ ಮಾತೂ ಬಂತು, ಆದರೆ ನಿಲ್ಲಲಿಲ್ಲ. 1939ರ ಏಪ್ರಿಲ್ ಮೊದಲ ವಾರದಲ್ಲಿ ನಾಯಕರ ಬಂಧನವಾದಾಗ ಸುದ್ದಿ ಹಳ್ಳಿಹಳ್ಳಿಗೆ ಹರಡಿತು. ಸುತ್ತಲಿನ ಊರುಗಳ ಜನ ರಾಮದುರ್ಗಕ್ಕೆ ನುಗ್ಗಿದರು. ಜೈಲಿನ ಮುಂದೆ ಘರ್ಷಣೆಯಾಯಿತು, ಗುಂಡು ಹಾರಿದವು, ರೊಚ್ಚಿಗೆದ್ದ ಗುಂಪು ಪೊಲೀಸರನ್ನು ಕೊಂದಿತು. ಸತ್ತ ಪೊಲೀಸರೂ ಇದೇ ನೆಲದ ಬಡವರ ಮಕ್ಕಳು, ಅದನ್ನೂ ಮರೆಯಬಾರದು.

ಆಮೇಲೆ ಬಂದದ್ದು ದಬ್ಬಾಳಿಕೆ. ಊರಿಗೆ ಊರೇ ಮನೆ ಬಿಟ್ಟು ಓಡಿತು. ವಿಚಾರಣೆ ನಡೆದು ಕೆಲವರಿಗೆ ಗಲ್ಲು, ಇನ್ನು ಹಲವರಿಗೆ ದೀರ್ಘ ಜೈಲು. ಮಹಾದೇವಪ್ಪ ಪಟ್ಟಣ ಭೂಗತರಾದರು. ಸ್ವಾತಂತ್ರ್ಯದ ನಂತರ ಅದೇ ರಾಮದುರ್ಗದ ಜನ ಅವರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು.

ಗಾಂಧೀಜಿ ಈ ಘಟನೆಯ ಬಗ್ಗೆ ಏನಾದರೂ ಹೇಳಿದ್ದರೇ?

ಹೇಳಿದ್ದರು, ನೋವಿನಿಂದ. ಒರಿಸ್ಸಾದ ರಣಪುರದಲ್ಲೂ ಆ ವರ್ಷದ ಮೊದಲಲ್ಲಿ ಹಿಂಸೆ ನಡೆದಿತ್ತು. ಸಂಸ್ಥಾನಗಳ ಚಳವಳಿಯಲ್ಲಿ ಅಹಿಂಸೆ ಇನ್ನೂ ಬೇರು ಬಿಟ್ಟಿಲ್ಲ ಎಂಬ ಮಾತಿಗೆ ಅವರು ರಣಪುರ, ರಾಮದುರ್ಗ ಎರಡನ್ನೂ ಉದಾಹರಣೆಯಾಗಿ ತೆಗೆದುಕೊಂಡರು. ಅವರ ದೃಷ್ಟಿಯಿಂದ ಅದು ಸರಿಯಾದ ಮಾತೇ. ಆದರೆ ಅದರಿಂದ ಒಂದು ಹಾನಿಯೂ ಆಯಿತು ಎಂದು ನನಗನ್ನಿಸುತ್ತದೆ. ಹಿಂಸೆಯ ಕಲೆ ಹತ್ತಿದ್ದರಿಂದ ರಾಮದುರ್ಗದ ಹೆಸರನ್ನು ಚಳವಳಿಯ ಇತಿಹಾಸ ಬರೆದವರು ಮೆಲ್ಲಗೆ ದಾಟಿ ಹೋದರು. ಕರದ ಹೊರೆ ಹೊರಲಾರದೆ ಎದ್ದ ರೈತರ ಕಥೆಯೂ ಅದರ ಜೊತೆಗೆ ಮುಚ್ಚಿಹೋಯಿತು. ಗಲ್ಲಿಗೇರಿದವರ ಮೊಮ್ಮಕ್ಕಳು ಈಗಲೂ ಇದೇ ತಾಲೂಕಿನಲ್ಲಿ ಉಳುಮೆ ಮಾಡಿಕೊಂಡಿದ್ದಾರೆ. ಅವರ ಅಜ್ಜಂದಿರ ಹೆಸರು ಊರ ಶಾಲೆಯ ಗೋಡೆಯ ಮೇಲಾದರೂ ಇರಬೇಕು.

ರಾಮದುರ್ಗ ಭಾರತಕ್ಕೆ ಸೇರಿದ್ದು 1947ರ ಆಗಸ್ಟ್ 15ಕ್ಕೇ ಅಲ್ಲವೇ?

ಎರಡು ಹೆಜ್ಜೆಗಳಿವೆ, ಇವನ್ನು ಒಂದೇ ಮಾಡಬಾರದು. 1947ರಲ್ಲಿ ಸಂಸ್ಥಾನಗಳು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರು ವಿಷಯಗಳನ್ನು ಒಕ್ಕೂಟಕ್ಕೆ ಒಪ್ಪಿಸಿ ಸೇರ್ಪಡೆಯಾದವು. ಒಳಗಿನ ಆಡಳಿತ ಅರಸರ ಕೈಯಲ್ಲೇ ಉಳಿಯಿತು. ಎರಡನೆಯ ಹೆಜ್ಜೆ ವಿಲೀನ, ಅಂದರೆ ಆಡಳಿತವನ್ನೇ ಬಿಟ್ಟುಕೊಡುವುದು. ರಾಮದುರ್ಗದ ವಿಲೀನ 1948ರ ಮಾರ್ಚ್ 8ರಂದು, ಮುಂಬಯಿ ಪ್ರಾಂತ್ಯದೊಳಗೆ. ಜಮಖಂಡಿ, ಮುಧೋಳ, ಸಾಂಗ್ಲಿಗಳದೂ ಅದೇ ದಿನ. ಕೋಲ್ಹಾಪುರ ಮಾತ್ರ ಒಂದು ವರ್ಷ ತಡ, 1949ರ ಮಾರ್ಚ್ 1ಕ್ಕೆ. ಹಾಗಾಗಿ ಕಟಕೋಳ, ತೊರಗಲ್ಲಿನವರಿಗೆ ಸಂಸ್ಥಾನದ ಕಾಲ ಮುಗಿದದ್ದು ರಾಮದುರ್ಗದವರಿಗಿಂತ ಒಂದು ವರ್ಷ ತಡವಾಗಿ.

ನಡುವೆ "ಸಂಯುಕ್ತ ದಖ್ಖನ್ ರಾಜ್ಯ" ಎಂದು ಒಂದು ಇತ್ತಂತೆ?

ಇತ್ತು, ಕೆಲವೇ ತಿಂಗಳು. ಔಂಧ, ಭೋರ್, ಫಲಟಣ, ಸಾಂಗ್ಲಿ, ಮೀರಜ್ ಮುಂತಾದ ಸಂಸ್ಥಾನಿಕರು ಒಟ್ಟಾಗಿ ಒಂದು ಒಕ್ಕೂಟ ಕಟ್ಟಲು ಹೊರಟರು. ರಾಮದುರ್ಗವೂ ಅದರಲ್ಲಿತ್ತು. ನಕಾಶೆ ಬಿಡಿಸಿ ನೋಡಿದರೆ ಸಾಕು, ಅದು ನಿಲ್ಲುವಂಥದ್ದಲ್ಲ ಎಂದು ತಿಳಿಯುತ್ತದೆ. ಪುಣೆಯ ಹತ್ತಿರದ ಭೋರ್‌ನಿಂದ ಮಲಪ್ರಭೆಯ ದಂಡೆಯವರೆಗೆ ಚದುರಿದ ತುಂಡುಗಳು. ಒಂದನ್ನೊಂದು ಮುಟ್ಟುವುದೂ ಇಲ್ಲ. ಕನ್ನಡದ ಜನರಿಗೆ ಅದರಲ್ಲಿ ತಾವು ಅಲ್ಪಸಂಖ್ಯಾತರಾಗುತ್ತೇವೆಂಬ ಚಿಂತೆ ಬೇರೆ. 1948ರ ಫೆಬ್ರವರಿಯಲ್ಲಿ ಜಮಖಂಡಿಯ ಅರಸ ಶಂಕರರಾವ್ ಪಟವರ್ಧನ ವಿಲೀನಕ್ಕೆ ಮುಂದಾದದ್ದು ಈ ಭಾಗಕ್ಕೆ ದೊಡ್ಡ ಉಪಕಾರ. ಉಳಿದವರೂ ಅದೇ ದಾರಿ ಹಿಡಿದರು.

ಆಮೇಲೆ ಯಾವ ಯಾವ ಸರಕಾರದ ಕೆಳಗೆ ಬಂತು?

ವಿಲೀನವಾದ ಮೇಲೆ ಸಂಸ್ಥಾನದ ಊರುಗಳಿಗೆ ಕೋಲ್ಹಾಪುರದ ತುಂಡುಗಳನ್ನೂ ಸುತ್ತಲಿನ ಖಾಲ್ಸಾ ಊರುಗಳನ್ನೂ ಕೂಡಿಸಿ ಬೆಳಗಾವಿ ಜಿಲ್ಲೆಯ ತಾಲೂಕು ಮಾಡಿದರು. 1956ರ ನವೆಂಬರ್ 1ರಂದು ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1973ರಿಂದ ಅದೇ ಕರ್ನಾಟಕ. 1930ರ ಸುಮಾರಿಗೆ ಹುಟ್ಟಿ ಊರು ಬಿಟ್ಟು ಎಲ್ಲಿಯೂ ಹೋಗದ ಒಬ್ಬ ಅಜ್ಜಿ, ಸಂಸ್ಥಾನ, ಮುಂಬಯಿ, ಮೈಸೂರು, ಕರ್ನಾಟಕ ಹೀಗೆ ನಾಲ್ಕು ಹೆಸರಿನ ನಾಡಿನಲ್ಲಿ ಬಾಳಿದಂತಾಯಿತು.

ಅರಸರಿಗೆ ರಾಜಧನ ಸಿಗುತ್ತಿತ್ತೇ?

ವಿಲೀನದ ಕರಾರಿನಂತೆ ಸಿಗುತ್ತಿತ್ತು. 1971ರ ಸಂವಿಧಾನ ತಿದ್ದುಪಡಿಯಿಂದ ದೇಶದ ಎಲ್ಲ ಸಂಸ್ಥಾನಿಕರದೂ ನಿಂತಿತು.

ನಮ್ಮ ಹೊಲದ ಹಳೆಯ ಕಾಗದದಲ್ಲಿ "ವಿಲೀನ ಪ್ರದೇಶ" ಎಂದಿದೆ. ಏನರ್ಥ?

ನಿಮ್ಮ ಊರು ಸಂಸ್ಥಾನದ್ದೋ ಜಹಗೀರಿನದ್ದೋ ಆಗಿತ್ತು ಎಂದರ್ಥ. ಖಾಲ್ಸಾ ಊರಿನ ಇನಾಮುಗಳನ್ನು ರದ್ದ್ ಮಾಡಿದ ಕಾಯಿದೆಗಳೇ ಬೇರೆ, ವಿಲೀನ ಪ್ರದೇಶದವೇ ಬೇರೆ. ಮುಂಬಯಿ ಸರಕಾರ ವಿಲೀನ ಪ್ರದೇಶಗಳ ಜಹಗೀರುಗಳನ್ನು ರದ್ದ್ ಮಾಡಲು 1953ರ ಕಾಯಿದೆಯನ್ನೂ, ಉಳಿದ ಬಗೆಬಗೆಯ ಇನಾಮುಗಳಿಗೆ 1955ರ ಕಾಯಿದೆಯನ್ನೂ ತಂದಿತು. ವತನ, ಇನಾಮು, ದೇವಸ್ಥಾನದ ಜಮೀನು ಎಂದು ಉತಾರದಲ್ಲಿ ನಮೂದಾಗಿದ್ದರೆ ಅದು ಯಾವ ಕಾಯಿದೆಯಲ್ಲಿ, ಯಾವ ಹುಕುಮಿನಿಂದ ರಯತಾವಾಗೆ, ಅಂದರೆ ಕಂದಾಯ ಕಟ್ಟುವ ಸಾಮಾನ್ಯ ಹಿಡುವಳಿಗೆ, ಬಂತು ಎಂದು ನೋಡುವುದು ಮುಖ್ಯ. ವಕೀಲರ ಹತ್ತಿರ ಹೋಗುವಾಗ "ನಮ್ಮೂರು ಸಂಸ್ಥಾನದ್ದಾಗಿತ್ತು" ಎಂಬ ಮಾತನ್ನು ಮೊದಲೇ ಹೇಳಿರಿ. ಎಷ್ಟೋ ದಾವೆಗಳಲ್ಲಿ ಆ ಒಂದು ಮಾತು ತಡವಾಗಿ ಹೊರಬಂದು ವರ್ಷಗಳು ಹಾಳಾಗುತ್ತವೆ.

ಸಂಸ್ಥಾನದ ಕಾಗದಪತ್ರ ಎಲ್ಲಿ ಹುಡುಕಬೇಕು?

ಮೊದಲು ರಾಮದುರ್ಗದ ತಹಶೀಲ್ದಾರ ಕಚೇರಿಯ ಅಭಿಲೇಖಾಲಯ, ಆಮೇಲೆ ಬೆಳಗಾವಿಯ ಜಿಲ್ಲಾ ಕಚೇರಿ. ಕಟಕೋಳ, ತೊರಗಲ್ ಕಡೆಯ ಊರಾದರೆ ಕೋಲ್ಹಾಪುರದ ಪುರಾಭಿಲೇಖಾಗಾರ ನೋಡಬೇಕು, ಕೋಲ್ಹಾಪುರ ದರಬಾರಿನ ದಫ್ತರ ಅಲ್ಲಿದೆ. 1818ಕ್ಕಿಂತ ಹಿಂದಿನದು ಬೇಕೆಂದರೆ ಪುಣೆಯ ಪೇಶ್ವೆ ದಫ್ತರ. ಮೋಡಿ ಓದುವವರು ಕಡಿಮೆಯಾಗುತ್ತಿದ್ದಾರೆ. ಬಿಡಿಬಿಡಿ ಅಕ್ಷರ ಕಲಿತರೆ ಸಾಲದು, ಲೇಖಣಿ ಎತ್ತದೆ ಒಂದೇ ಓಟದಲ್ಲಿ ಬರೆದ ಸಾಲಿನಲ್ಲಿ ಎಲ್ಲಿ ಶಬ್ದ ಮುಗಿಯಿತು ಎಂದು ಹಿಡಿಯಲು ಅಭ್ಯಾಸ ಬೇಕು. ಮನೆಯ ಗಂಟಿನಲ್ಲಿ ಅಂಥ ಕಾಗದ ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿರಿ, ಟೇಪು ಹಚ್ಚಬೇಡಿರಿ. ಮಡಿಕೆ ಬಿಡಿಸಿ ಬೆಳಕಿನಲ್ಲಿ ಎರಡೂ ಮಗ್ಗುಲಿನ ಫೋಟೋ ತೆಗೆದು, ಮೂಲವನ್ನು ಒಣಗಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಡಿರಿ. 2019ರ ಆಗಸ್ಟಿನ ಮಲಪ್ರಭೆಯ ನೆರೆಯಲ್ಲಿ ರಾಮದುರ್ಗ, ಸುರೇಬಾನ ಭಾಗದ ಮನೆಗಳಿಗೆ ನೀರು ನುಗ್ಗಿ ನೇಕಾರರ ಮಗ್ಗಗಳೇ ಹಾಳಾದವು. ಟ್ರಂಕಿನ ತಳದಲ್ಲಿದ್ದ ಕಾಗದಗಳ ಗತಿ ಹೇಳಬೇಕಾಗಿಲ್ಲ.

ನೋಡಲು ಏನಿದೆ?

ತೊರಗಲ್ಲಿನ ಕೋಟೆ ಮತ್ತು ಭೂತನಾಥ ದೇವಾಲಯಕ್ಕೆ ಒಂದು ದಿನವಿಡೀ ಕೊಡಿರಿ, ಅವಸರ ಮಾಡಬೇಡಿರಿ. ಸುರೇಬಾನದ ಹತ್ತಿರದ ಶಬರಿಕೊಳ್ಳ ಮಳೆಗಾಲ ಮುಗಿದ ಹೊಸತರಲ್ಲಿ ಚೆನ್ನ. ರಾಮದುರ್ಗಕ್ಕೆ ರೈಲಿಲ್ಲ, ಲೋಕಾಪುರ, ರಾಮದುರ್ಗ, ಸವದತ್ತಿ ಮಾರ್ಗವಾಗಿ ಧಾರವಾಡಕ್ಕೆ ರೈಲು ಬೇಕೆಂಬ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಬಸ್ಸೇ ಗತಿ.

ನರಗುಂದ, ರಾಮದುರ್ಗ ಮತ್ತೆ ಯಾವಾಗಲಾದರೂ ಒಂದೇ ಆಡಳಿತಕ್ಕೆ ಬಂದವೇ?

ರಾಜ್ಯ ಒಂದೇ ಆಯಿತು, 1948ರಿಂದ. ಜಿಲ್ಲೆ ಎಂದೂ ಒಂದಾಗಲಿಲ್ಲ. 1858ರಲ್ಲಿ ಧಾರವಾಡಕ್ಕೆ ಹೋದ ನರಗುಂದ 1997ರಲ್ಲಿ ಹೊಸ ಗದಗ ಜಿಲ್ಲೆಗೆ ಸೇರಿತು, ರಾಮದುರ್ಗ ಬೆಳಗಾವಿಯಲ್ಲೇ ಇದೆ. ಎರಡು ಊರಿನ ನಡುವೆ ಒಂದು ತಾಸಿನ ದಾರಿಯೂ ಇಲ್ಲ, ಆದರೆ ಜಿಲ್ಲಾ ಕಚೇರಿಯ ಕೆಲಸಕ್ಕೆ ನರಗುಂದದವರು ಆಗ್ನೇಯಕ್ಕೆ ಹೋಗುತ್ತಾರೆ, ರಾಮದುರ್ಗದವರು ನೂರು ಕಿಲೋಮೀಟರು ಪಶ್ಚಿಮಕ್ಕೆ.